ಅಂಬುಜಮ್ಮನವರ ಕಪ್ಪು-ಬಿಳುಪು ಮಳೆಗಾಲ

ಹೋದ ವಾರ ಸಹಕಾರನಗರದ ನಮ್ಮ ಮನೆಯಲ್ಲಿ ಮೊಮ್ಮಗಳು ಕಿಟಕಿಯ ಹತ್ತಿರ ಕೂತು ಉಗುರಿನ ಬಣ್ಣ ಅಳಿಸುತ್ತಿದ್ದಳು. ಆ ಘಾಟು ಅಡುಗೆಮನೆಯಲ್ಲಿದ್ದ ನನ್ನ ಮೂಗಿಗೆ ಬಡಿದದ್ದೇ ಒಗ್ಗರಣೆ ಹಾಕುವುದನ್ನು ಮರೆತು ನಿಂತುಬಿಟ್ಟೆ. ಸಿನಿಮಾ ರೀಲಿನ ಎರಡು ತುಂಡುಗಳನ್ನು ಒಂದಕ್ಕೊಂದು ಸೇರಿಸಲು ಆಗೆಲ್ಲ ಬಳಸುತ್ತಿದ್ದ ಅಂಟಿಗೆ ಹೆಚ್ಚು ಕಡಿಮೆ ಇದೇ ವಾಸನೆ ಇತ್ತು. ಆರ್.ಟಿ. ನಗರದಲ್ಲಿ ಅಂಬುಜಮ್ಮನವರ ಮನೆಯ ಹಿತ್ತಲ ಕೋಣೆಯಲ್ಲಿ ಒಂದು ಇಡೀ ಮಳೆಗಾಲ ನಾನು ಆ ವಾಸನೆಯ ಪಕ್ಕದಲ್ಲೇ ಮಲಗಿ ಎದ್ದವಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಮದುವೆಯಾಗಿರಲಿಲ್ಲ. ಬೆಂಗಳೂರು ನನಗೆ ಇನ್ನೂ ಹೊಸದು.

ಗದಗಿನಲ್ಲಿ ಓದು ಮುಗಿಸಿ ಯಶವಂತಪುರದ ಒಂದು ಕಾರ್ಖಾನೆಯ ಕಚೇರಿಗೆ ಟೈಪಿಸ್ಟಾಗಿ ಬಂದಿದ್ದೆ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿದ್ದವರು ಅಪ್ಪ ಮತ್ತು ನಾನು ಇಬ್ಬರೇ. ಬಸ್ಸು ಹತ್ತಿಸುವಾಗ ಅಪ್ಪ ಹೇಳಿದ್ದು ಕೆಲವೇ ಮಾತು: ವೇಳೆಗೆ ಸರಿಯಾಗಿ ಉಣ್ಣು, ಸಾಲ ಮಾಡಬೇಡ, ಸಿನಿಮಾದವರ ಸಹವಾಸ ಬೇಡ. ಮೂರನೆಯದು ಯಾಕೆ ಹೇಳಿದನೋ, ಬೆಂಗಳೂರೆಂದರೆ ಸಿನಿಮಾದವರೇ ಓಡಾಡುವ ಊರೆಂದು ಅವನಿಗೆ ಯಾರೋ ಹೇಳಿರಬೇಕು. ಹದಿನೈದು ದಿನ ಪರಿಚಯದವರ ಮನೆಯಲ್ಲಿದ್ದು ಆಮೇಲೆ ಬಾಡಿಗೆಗೆ ಸಿಕ್ಕ ಕೋಣೆ ಚಿತ್ರ ತೆಗೆಯುವ ಹೆಂಗಸಿನದೇ ಆಯಿತು. ‘ಮನೆಯ ಒಡತಿ ವಯಸ್ಸಾದ ವಿಧವೆ, ಒಳ್ಳೆಯವರು’ ಎಂದಷ್ಟೇ ಊರಿಗೆ ಕಾಗದ ಬರೆದೆ.

ಅಂಬುಜಮ್ಮ ಅಂಥ ವಯಸ್ಸಾದವರೂ ಆಗಿರಲಿಲ್ಲ. ಐವತ್ತರ ಆಸುಪಾಸು. ಎತ್ತರದ ಹೆಂಗಸು, ದಪ್ಪ ಚೌಕಟ್ಟಿನ ಕನ್ನಡಕ, ಸೊಂಟಕ್ಕೆ ಸಿಕ್ಕಿಸಿದ ಹತ್ತಿ ಸೀರೆಯ ಸೆರಗು. ಕಪ್ಪು ಅಂಬಾಸಿಡರ್ ಕಾರನ್ನು ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಆಗ ನಮ್ಮ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಹೆಬ್ಬಾಳದ ಕೆರೆಯ ಕಡೆಯಿಂದ ಗಾಳಿ ಯಾವ ಅಡ್ಡಿಯೂ ಇಲ್ಲದೆ ಬಂದು ಹಿತ್ತಲ ಬಾಗಿಲು ಬಡಿಯುತ್ತಿತ್ತು. ಮನೆಯ ಒಂದು ಕೋಣೆ ಅವರ ಕಚೇರಿ. ಇನ್ನೊಂದರಲ್ಲಿ ಚಿತ್ರ ಸಂಕಲನದ ಮೇಜು. ನನ್ನ ಕೋಣೆ ಅದರ ಗೋಡೆಗೆ ಅಂಟಿಕೊಂಡಿತ್ತು.

ಅವರ ಕಥೆ ನನಗೆ ತುಂಡುತುಂಡಾಗಿ ತಿಳಿಯಿತು. ಹುಟ್ಟಿದ್ದು ನಂಜನಗೂಡಿನ ಹತ್ತಿರದ ಹಳ್ಳಿ. ಹುಡುಗಿಯಾಗಿದ್ದಾಗಲೇ ನಾಟಕದ ಕಂಪನಿ ಸೇರಿ, ಅಲ್ಲಿಂದ ಸೋದರತ್ತೆಯ ಜೊತೆ ಮದ್ರಾಸಿಗೆ ಹೋದರು. ಸ್ಟುಡಿಯೋದಲ್ಲಿ ಗುಂಪಿನ ನಡುವೆ ನಿಲ್ಲುವ ಪಾತ್ರಗಳು ಸಿಕ್ಕವು. ಒಂದು ದಿನ ಕನ್ನಡ ಬಾರದ ನಾಯಕಿಯೊಬ್ಬಳಿಗೆ ಮಾತು ಹೇಳಲು ಯಾರೂ ಸಿಗದೆ ಇವರನ್ನು ಕರೆದರಂತೆ. ಅಲ್ಲಿಂದ ವರ್ಷಗಟ್ಟಲೆ ಬೇರೆಯವರ ಬಾಯಿಗೆ ಇವರು ಮಾತು ಕೊಟ್ಟರು. ಜನ ಆ ದನಿಗೆ ಅತ್ತರು, ನಕ್ಕರು. ಯಾವ ಚಿತ್ರದಲ್ಲೂ ಇವರ ಹೆಸರು ಬರಲಿಲ್ಲ. ಆಮೇಲೆ ಕಂಪನಿಯೊಂದರ ಮ್ಯಾನೇಜರಾಗಿದ್ದ ರಾಮಚಂದ್ರಯ್ಯನವರನ್ನು ಮದುವೆಯಾಗಿ, ಕನ್ನಡ ಚಿತ್ರಗಳ ಕೆಲಸ ಮದ್ರಾಸಿನಿಂದ ಬೆಂಗಳೂರಿಗೆ ಸರಿಯತೊಡಗಿದಾಗ ಗಂಡಹೆಂಡಿರಿಬ್ಬರೂ ಇಲ್ಲಿಗೆ ಬಂದು ತಾವೇ ಚಿತ್ರ ತೆಗೆಯಲು ಶುರುಮಾಡಿದರು. ಕಥೆ ಆರಿಸುವವರು, ನಟನಟಿಯರನ್ನು ಗೊತ್ತುಮಾಡುವವರು, ಚಿತ್ರೀಕರಣದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುವವರು ಅಂಬುಜಮ್ಮ. ತೆರೆಯ ಮೇಲೆ ನಿರ್ಮಾಪಕರೆಂದು ಬರುತ್ತಿದ್ದುದು ಯಜಮಾನರ ಹೆಸರು. ಅದು ಅವರ ಹಟವೇನಲ್ಲ. ವ್ಯಾಪಾರದಲ್ಲಿ ಹಾಗೇ ನಡೆಯುತ್ತಿತ್ತು, ಇಬ್ಬರೂ ಹಾಗೇ ನಡೆಸಿಕೊಂಡು ಬಂದಿದ್ದರು. ನಾನು ಬರುವ ಹೊತ್ತಿಗೆ ರಾಮಚಂದ್ರಯ್ಯನವರು ತೀರಿಕೊಂಡು ಎರಡು ವರ್ಷವಾಗಿತ್ತು. ಅಂಬುಜಮ್ಮ ಕಚೇರಿಯ ಬಾಗಿಲು ಮುಚ್ಚುತ್ತಾರೆಂದು ಕಾದವರು ಕಾದೇ ಕಾದರು. ಅವರು ಹೊಸ ಚಿತ್ರ ಶುರುಮಾಡಿದರು.

ಮಳೆಗಾಲದ ಆರಂಭದಲ್ಲಿ ಒಂದು ಬೆಳಿಗ್ಗೆ ನಾನು ತರಕಾರಿಯವನ ಜೊತೆ ಜಗಳಕ್ಕೆ ನಿಂತಿದ್ದೆ. ಹಿಂದಿನ ದಿನ ಕೊಟ್ಟ ಬದನೆಕಾಯಿಯ ತುಂಬ ಹುಳು. ಕಚೇರಿಯಲ್ಲಿ ಎಲ್ಲರೂ ನಗುತ್ತಾರೆಂದು ಪುಸ್ತಕದ ಭಾಷೆ ಆಡುತ್ತಿದ್ದ ನಾನು ಸಿಟ್ಟು ಬಂದಾಗ ಮಾತ್ರ ಗದಗಿನವಳೇ ಆಗಿಬಿಡುತ್ತಿದ್ದೆ. “ಏನಪಾ, ನಿನ್ನೆ ಕೊಟ್ಟ ಬದನಿಕಾಯಾಗ ಬರೇ ಹುಳಾನ ಇದ್ದುವಲ್ಲ. ನಮ್ಮನ್ನೇನ ಕಣ್ಣು ಕಾಣದವ್ರು ಅಂದ್ಕೊಂಡೀ?” ಅಂದೆ. ಅವನು ಬೇರೆ ಬದನೆಕಾಯಿ ತೂಗಿದ. ತಿರುಗಿ ನೋಡಿದರೆ ಅಂಬುಜಮ್ಮ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು.

“ಶಕುಂತಲಾ, ಈಗ ಹೇಳಿದ್ಯಲ್ಲ, ಅದನ್ನೇ ಇನ್ನೊಂದ್ ಸಲ ಹೇಳು,” ಅಂದರು.

ನನಗೆ ನಾಚಿಕೆಯಾಯಿತು. ಅವರು ಬಿಡಲಿಲ್ಲ, ಒಳಗೆ ಕರೆದು ಕೂರಿಸಿ ಹೊಸ ಚಿತ್ರದ ಕಥೆ ಹೇಳಿದರು. ಬೆಟಗೇರಿ ಕಡೆಯ ನೇಕಾರರ ಮನೆ. ಗಂಡ ಹಾಸಿಗೆ ಹಿಡಿದಾಗ ಹೆಂಡತಿ ಮಗ್ಗಕ್ಕೆ ಕೂರುತ್ತಾಳೆ, ನೇಯ್ದ ಸೀರೆಯನ್ನು ತಾನೇ ಪೇಟೆಗೆ ಹೊತ್ತು ಮಾರುತ್ತಾಳೆ, ಬರಬರುತ್ತ ಓಣಿಯ ಹೆಂಗಸರನ್ನೆಲ್ಲ ಜೊತೆಗೂಡಿಸಿಕೊಳ್ಳುತ್ತಾಳೆ. ನಾಯಕಿಯ ಪಾತ್ರಕ್ಕೆ ಹೇಮಾ ಎಂಬ ತೆಲುಗಿನ ಹುಡುಗಿ. ಮಾತು ಬರೆದವರು ಮೈಸೂರಿನವರು. ಓದಿ ನೋಡಿದೆ. ಬೆಟಗೇರಿಯ ನೇಕಾರಗಿತ್ತಿ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಮಾತಾಡುತ್ತಿದ್ದಳು. ಹಾಗಂತ ಹೇಳಿದೆ. ಅಂಬುಜಮ್ಮ ನಕ್ಕು ಪೆನ್ನು ನನ್ನ ಕೈಗೇ ಕೊಟ್ಟರು.

ಹೀಗೆ ನಾನು ಭಾನುವಾರಗಳಂದು, ರಜೆ ಹಾಕಿದ ದಿನಗಳಂದು, ಚಿತ್ರೀಕರಣದ ವ್ಯಾನು ಹತ್ತಿದೆ. ಗದಗಿಗೇ ಹೋಗಿ ಚಿತ್ರ ತೆಗೆಯುವ ಅನುಕೂಲ ಇರಲಿಲ್ಲ. ಚಿಕ್ಕಜಾಲ ದಾಟಿ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ ಹೆಂಚಿನ ಮನೆ ಹಿಡಿದು, ದೊಡ್ಡಬಳ್ಳಾಪುರದಿಂದ ಲಾರಿಯಲ್ಲಿ ಮಗ್ಗ ತರಿಸಿ ಹೂಡಿದ್ದರು. ಸುತ್ತ ದ್ರಾಕ್ಷಿ ಚಪ್ಪರಗಳು. ಕಾಲಿಟ್ಟಲ್ಲೆಲ್ಲ ಕೆಂಪು ಮಣ್ಣು. ನಮ್ಮ ಕಡೆ ಮಣ್ಣು ಕಪ್ಪಗಿರುತ್ತದೆ ಎಂದು ನಿರ್ದೇಶಕ ಶ್ರೀಕಂಠಯ್ಯನವರಿಗೆ ಹೆದರುತ್ತ ಹೇಳಿದೆ. ಅವರು ತಣ್ಣಗೆ, ಇದು ಕಪ್ಪು-ಬಿಳುಪಿನ ಚಿತ್ರ, ಇಲ್ಲಿ ಕೆಂಪೂ ಕಪ್ಪಾಗಿಯೇ ಕಾಣುತ್ತದೆ ಅಂದರು. ಎಲ್ಲರೂ ಬಣ್ಣದ ಚಿತ್ರಗಳ ಕಡೆ ಹೊರಳುತ್ತಿದ್ದ ಕಾಲ ಅದು. ಅಂಬುಜಮ್ಮನವರಿಗೆ ಸಿಕ್ಕಿದ್ದು ಕಪ್ಪು-ಬಿಳುಪಿನ ಫಿಲ್ಮು. ಅದರ ಬಗ್ಗೆ ಅವರು ಕೊರಗಿದ್ದನ್ನು ನಾನು ಕೇಳಲಿಲ್ಲ.

ಊರಿನ ಹೆಂಗಸರು ಚಿತ್ರೀಕರಣ ನೋಡಲು ಬಂದು ಜಗುಲಿಯ ಮೇಲೆ ಸಾಲಾಗಿ ಕೂರುತ್ತಿದ್ದರು. ಇದಕ್ಕೆಲ್ಲ ಯಜಮಾನ ಯಾರೆಂದು ಒಬ್ಬ ಅಜ್ಜಿ ವ್ಯಾನ್ ಓಡಿಸುವ ಬ್ಯಾಟರಾಯನಪುರದ ಮುನಿಯಪ್ಪನನ್ನು ಕೇಳಿದಳು. ಅವನು ಅಂಬುಜಮ್ಮನವರ ಕಡೆ ಕೈ ತೋರಿಸಿದ. ಅಜ್ಜಿ ನಂಬಲಿಲ್ಲ.

“ಎಂಗ್ಸು ಸಿನಿಮಾ ತೆಗೀತಾಳೇನ್ಲಾ?”

“ಊಂ ಕಣಜ್ಜಿ,” ಅಂದ ಮುನಿಯಪ್ಪ. “ಇಂಗೇ ನಿಂತ್ಕೊಂಡು ತೆಗೀತಾರೆ. ನೋಡ್ತಾ ಇರು.”

ಅಜ್ಜಿ ದಿನವೂ ಬಂದಳು. ಮಗ್ಗದ ಕಡೆ ನೋಡದೆ ಅಂಬುಜಮ್ಮನವರನ್ನೇ ನೋಡುತ್ತ ಕೂರುತ್ತಿದ್ದಳು.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ನಾಯಕಿ ಮೊದಲ ಸಲ ಸೀರೆಯ ಗಂಟು ಹೊತ್ತು ಪೇಟೆಗೆ ಹೊರಡುವ ದೃಶ್ಯಕ್ಕೆ ಬಿಸಿಲು ಬೇಕಿತ್ತು. ಜನ ದಿನಗಟ್ಟಲೆ ದ್ರಾಕ್ಷಿ ಚಪ್ಪರದ ಕೆಳಗೆ ಟಾರ್ಪಾಲು ಹೊದ್ದು ಕೂತರು. ಕ್ಯಾಮೆರಾವನ್ನು ಬೇರೆ ಕಂಪನಿಗೆ ಒಪ್ಪಿಸುವ ದಿನ ಹತ್ತಿರ ಬಂತು. ಈ ದೃಶ್ಯವನ್ನೇ ಬಿಟ್ಟುಬಿಡೋಣ, ಹೋದಳು ಅಂತ ಯಾರ ಬಾಯಲ್ಲಾದರೂ ಹೇಳಿಸಿದರಾಯಿತು ಅಂದರು ಶ್ರೀಕಂಠಯ್ಯ. ಅಂಬುಜಮ್ಮ ಒಪ್ಪಲಿಲ್ಲ. ಮನೆಯಲ್ಲಿ ಹಸಿದವರಿದ್ದರೆ ಹೆಂಗಸು ಬಿಸಿಲು ಬರಲಿ ಅಂತ ಕಾಯುತ್ತಾಳೇನು, ಮಳೆಯಲ್ಲೇ ಹೊರಡಲಿ ಅಂದರು. ಕ್ಯಾಮೆರಾಕ್ಕೆ ತಾವೇ ದೊಡ್ಡ ಕೊಡೆ ಹಿಡಿದು ನಿಂತರು. ಹೇಮಾ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದಳು. ಕೆಸರಿನಲ್ಲಿ ನಿಜವಾಗಿಯೂ ಜಾರಿ ಬಿದ್ದಳು. ಬಿದ್ದವಳು ಮೊದಲು ಗಂಟನ್ನು ಮೇಲೆತ್ತಿ, ಆಮೇಲೆ ತಾನು ಎದ್ದಳು. ಯಾರೂ ‘ಕಟ್’ ಅನ್ನಲಿಲ್ಲ. ಜಗುಲಿಯ ಮೇಲಿದ್ದ ಅಜ್ಜಿ ಕಣ್ಣೊರೆಸಿಕೊಂಡಳು. ಚಿತ್ರದಲ್ಲಿ ಇವತ್ತಿಗೂ ಜನ ನೆನೆಯುವ ದೃಶ್ಯ ಅದು.

ಚಿತ್ರೀಕರಣ ಮುಗಿದ ಮೇಲೆ ಹೇಮಾಳ ಪಾತ್ರಕ್ಕೆ ಯಾರಿಂದ ಮಾತಾಡಿಸುವುದು ಎಂಬ ಪ್ರಶ್ನೆ ಬಂತು. ಅವಳು ಮಾತುಗಳನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡು ಕಷ್ಟಪಟ್ಟು ಒಪ್ಪಿಸಿದ್ದಳು. ತುಟಿ ಸರಿಯಾಗಿ ಆಡುತ್ತಿತ್ತು, ದನಿ ಮಾತ್ರ ನಮ್ಮ ಊರಿನದಾಗಿರಲಿಲ್ಲ. ಅಂಬುಜಮ್ಮ ಬೇರೆ ಯಾರನ್ನೂ ಹುಡುಕಲಿಲ್ಲ. ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಡಬ್ಬಿಂಗ್ ಥಿಯೇಟರಿಗೆ ಕರೆದುಕೊಂಡು ಹೋದರು. ಒಂದೊಂದು ಮಾತಿನ ಫಿಲ್ಮು ತುಂಡನ್ನೂ ತುದಿಗೆ ತುದಿ ಸೇರಿಸಿ ಬಳೆಯ ಹಾಗೆ ಮಾಡಿರುತ್ತಿದ್ದರು. ಅದು ತೆರೆಯ ಮೇಲೆ ಸುತ್ತಿ ಸುತ್ತಿ ಬರುತ್ತಿತ್ತು. ಆ ತುಟಿ ತೆರೆದಾಗ ನಾನು ಬಾಯಿ ತೆರೆಯಬೇಕು, ಅದು ಮುಚ್ಚಿದಾಗ ಮುಚ್ಚಬೇಕು. ಜಗಳದ ಮಾತುಗಳೆಲ್ಲ ಸಲೀಸಾಗಿ ಬಂದವು. ಗಂಡನ ಹಾಸಿಗೆಯ ಪಕ್ಕದಲ್ಲಿ ಅವಳು ಅಳುವ ದೃಶ್ಯ ಮಾತ್ರ ನನ್ನಿಂದಾಗಲಿಲ್ಲ. ಎಷ್ಟು ಸಲ ಪ್ರಯತ್ನಿಸಿದರೂ ಅಳು ಸುಳ್ಳಾಗಿ ಕೇಳುತ್ತಿತ್ತು. ಕೂತವರೆಲ್ಲ ಬೇಸರಪಟ್ಟರು.

ಅಂಬುಜಮ್ಮ ಯಂತ್ರ ನಿಲ್ಲಿಸಲು ಹೇಳಿ ಒಳಗೆ ಬಂದು ನನ್ನ ಪಕ್ಕದಲ್ಲಿ ನಿಂತರು.

“ನೀನ್ಯಾಕಮ್ಮ ಅಳ್ತೀಯ? ಅಳು ಅವಳದು, ಅಲ್ಲಿ ತೆರೆ ಮೇಲಿದೆ. ಅವಳಿಗೆ ಹೇಳಕ್ಕೆ ಮಾತಿಲ್ಲ. ನೀನು ಆ ಮಾತು ಕೊಡು, ಸಾಕು.”

ಯಾವ ನಟನೆಯೂ ಇಲ್ಲದೆ, ಕಾಯಿಲೆಯವರಿಗೆ ಗಂಜಿ ಕುಡಿಸುವಾಗ ಆಡುವ ಹಾಗೆ ಆ ಮಾತುಗಳನ್ನು ಆಡಿದೆ. ಯಂತ್ರದ ಕೋಣೆಯವರು ಮುಂದಿನ ತುಂಡು ಹಾಕಿದರು. ಅಂಬುಜಮ್ಮ ಕತ್ತಲಲ್ಲಿ ನನ್ನ ಭುಜ ಮುಟ್ಟಿ ಹೊರಗೆ ಹೋದರು.

ಶೀರ್ಷಿಕೆಗಳನ್ನು ಬರೆಯುವ ಪೇಂಟರ್ ನಮ್ಮ ಮನೆಯ ವರಾಂಡದಲ್ಲೇ ಕೂತು ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಿದ್ದ. ‘ಕಂಠದಾನ’ ಎಂದು ಬರೆದು ನನ್ನ ಹೆಸರು ಕೇಳಿದಾಗ ಒಳಗೆ ಓಡಿದೆ. ಅಪ್ಪನಿಗೆ ಗೊತ್ತಾದರೆ ಕೆಲಸ ಬಿಡಿಸಿ ಊರಿಗೆ ಕರೆದುಕೊಂಡು ಹೋಗುತ್ತಾನೆ, ನನ್ನ ಹೆಸರು ಬೇಡವೇ ಬೇಡ ಎಂದು ಅಂಬುಜಮ್ಮನವರ ಹತ್ತಿರ ಹೇಳಿಕೊಂಡೆ. ಅವರು ಒತ್ತಾಯ ಮಾಡಲಿಲ್ಲ.

“ಬೇಡ ಅಂದ್ರೆ ಹಾಕಲ್ಲ. ಆದ್ರೆ ಅಪ್ಪಂಗೆ ಹೆದ್ರಿ ಬೇಡ ಅಂತಿದೀಯೋ, ನಿಂಗೇ ಬೇಡ್ವೋ, ಯೋಚ್ನೆ ಮಾಡಿ ಹೇಳು. ಮದ್ರಾಸಲ್ಲಿ ನನ್ನನ್ನ ಯಾರೂ ಕೇಳ್ಲೇ ಇಲ್ಲ.”

ಮಾರನೆಯ ದಿನ ಕಾರ್ಖಾನೆಯಲ್ಲಿ ಟೈಪು ಮಾಡಿದ್ದೆಲ್ಲ ತಪ್ಪು. ಸಾಯಂಕಾಲ ಬಂದವಳೇ ಪೇಂಟರ್ ಹತ್ತಿರ ಹೋಗಿ ‘ಶಕುಂತಲಾ, ಗದಗ’ ಎಂದು ಬರೆಯಲು ಹೇಳಿದೆ. ಅವನು ಆಗ ಕೊನೆಯ ಹಲಗೆ ಕೈಗೆತ್ತಿಕೊಂಡಿದ್ದ. ‘ನಿರ್ಮಾಪ’ ಎಂದು ಬರೆದು ಕುಂಚ ನಿಲ್ಲಿಸಿ, ಮುಂದೆ ಬರುವ ‘ಕ’ಕ್ಕೆ ಗುಡಿಸು ಹಾಕಿ ‘ಕಿ’ ಮಾಡಬೇಕೇ ಎಂದು ಅಂಬುಜಮ್ಮನವರನ್ನು ಕೇಳಿದ. ಅಂಥ ಗುಡಿಸನ್ನು ಅವನು ಹಿಂದೆ ಬರೆದಿರಲಿಲ್ಲವಂತೆ.

“ಹಾಕಪ್ಪ,” ಅಂದರು ಅವರು. “ಅಕ್ಷರ ಸಣ್ಣಗಿದ್ರೆ ಸಾಕು.”

ಮಳೆ ನಿಲ್ಲುವ ಹೊತ್ತಿಗೆ ಚಿತ್ರ ಸಿದ್ಧವಾಯಿತು. ರಾಮಚಂದ್ರಯ್ಯನವರ ಕಾಲದಿಂದಲೂ ಇವರ ಚಿತ್ರಗಳನ್ನು ಊರೂರಿಗೆ ಹಂಚುತ್ತಿದ್ದ ನಂಜುಂಡಪ್ಪನವರು ನೋಡಲು ಬಂದರು. ಸಭ್ಯರು. ಚಿತ್ರ ಮುಗಿದ ಮೇಲೆ ಚೆನ್ನಾಗಿದೆ ಅಂದರು. ಆದರೆ ಎರಡು ಬದಲಾವಣೆ ಕೇಳಿದರು. ಒಂದು, ನಾಯಕಿಯ ಮಾತು: ಮೈಸೂರು ಮಂಡ್ಯದ ಜನ ನಗುತ್ತಾರೆ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬೇರೆಯವರಿಂದ ಹೇಳಿಸಿ. ಇನ್ನೊಂದು, ನಿರ್ಮಾಪಕರ ಹೆಸರು: ಯಜಮಾನರದೇ ಇರಲಿ, ಹೋದವರ ಹೆಸರಿಗೆ ಒಂದು ಮರ್ಯಾದೆ ಇರುತ್ತದೆ, ಟಾಕೀಸಿನವರೂ ನಂಬುತ್ತಾರೆ.

ನಾನು ಹಿಂದಿನ ಸಾಲಿನಲ್ಲಿದ್ದೆ. ನನ್ನ ದನಿ ತೆಗೆದುಬಿಡಿ ಎಂದು ಎದ್ದು ಹೇಳಬೇಕೆನ್ನಿಸಿತು.

“ಅವರ ಫೋಟೋಗೆ ಹಾರ ಹಾಕಿ ಮೊದಲನೇ ಟೈಟಲ್ ಕಾರ್ಡಲ್ಲೇ ನಮಸ್ಕಾರ ಮಾಡಿದೀನಿ, ನಂಜುಂಡಪ್ಪನೋರೇ,” ಅಂದರು ಅಂಬುಜಮ್ಮ. ದನಿ ಏರಿರಲಿಲ್ಲ. “ಆದ್ರೆ ಈ ಚಿತ್ರ ತೆಗೆದಿದ್ದು ನಾನು. ಆ ಹುಡುಗಿ ಬಾಯಿ ಬಿಟ್ರೆ ಬರೋ ಮಾತೂ ಅದೇ. ಎರಡೂ ಬದಲಾಗಲ್ಲ.”

ನಂಜುಂಡಪ್ಪನವರು ಬೇಸರದಿಂದಲೇ ಕೈ ಮುಗಿದು ಹೋದರು. ಹಂಚುವವರಿಲ್ಲದೆ ಚಿತ್ರ ಹಾಗೇ ಉಳಿಯಿತು. ದಸರಾ ಬಂತು, ದೀಪಾವಳಿ ಬಂತು, ಬೇರೆಯವರ ಚಿತ್ರಗಳು ಬಂದವು. ಶ್ರೀಕಂಠಯ್ಯ ಇನ್ನೊಂದು ಚಿತ್ರಕ್ಕೆ ಹೋದರು. ರೀಲಿನ ತಗಡಿನ ಪೆಟ್ಟಿಗೆಗಳು ನನ್ನ ಕೋಣೆಯ ಹೊರಗಿನ ಪಡಸಾಲೆಯಲ್ಲಿ ಒಂದರ ಮೇಲೊಂದು ಕೂತಿದ್ದವು. ನನ್ನಿಂದಲೇ ಹೀಗಾಯಿತೇನೋ ಎಂದು ಒಮ್ಮೆ ಅಂಬುಜಮ್ಮನವರ ಹತ್ತಿರ ಅಂದೆ. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ. ನಿನಗೆ ಉಪಕಾರ ಮಾಡಲು ಆ ದನಿ ಇಟ್ಟಿಲ್ಲ, ಚಿತ್ರಕ್ಕೆ ಬೇಕು ಅಂತ ಇಟ್ಟಿದ್ದೇನೆ ಅಂದರು. ಮಾರನೆಯ ವಾರ, ಚಿತ್ರ ಯಾರ ಮಾತಿನಲ್ಲಿದೆಯೋ ಅವರಿಗೇ ಮೊದಲು ತೋರಿಸುತ್ತೇನೆ ಎಂದು ಹೇಳಿ, ಗದಗಿನ ಟಾಕೀಸಿನವರಿಗೆ ತಾವೇ ಟ್ರಂಕ್ ಕಾಲ್ ಮಾಡಿದರು. ಆಮೇಲೆ ನನಗೆ ರಜೆ ಹಾಕಲು ಹೇಳಿದರು.

ಯಶವಂತಪುರದಲ್ಲಿ ಪೆಟ್ಟಿಗೆಗಳನ್ನು ರೈಲಿಗೆ ಹತ್ತಿಸಿಕೊಂಡು ನಾವಿಬ್ಬರೇ ಹೊರಟೆವು. ಗದಗಿನಲ್ಲಿ ಇಳಿದ ಮೇಲೆ ಅವರು ಟಾಕೀಸಿಗೆ ಹೋಗಲಿಲ್ಲ, ಮೊದಲು ನಮ್ಮ ಮನೆಗೆ ಹೋಗೋಣ ಅಂದರು. ಅಪ್ಪನ ಮುಂದೆ ಚಾಪೆಯ ಮೇಲೆ ಕೂತು, ತಾವು ಯಾರು, ಮಗಳು ಏನು ಮಾಡಿದ್ದಾಳೆ, ಅವಳ ಹೆಸರು ಎಲ್ಲಿ ಬರುತ್ತದೆ ಎಲ್ಲವನ್ನೂ ನೇರವಾಗಿ ಹೇಳಿದರು. ಅಪ್ಪ ಕೇಳಿಸಿಕೊಂಡ. ನೀರು, ಬೆಲ್ಲ, ಆಮೇಲೆ ಚಹಾ ಕೊಟ್ಟ. ನನ್ನ ಕಡೆ ನೋಡಲಿಲ್ಲ. ಕೆಲಸಕ್ಕೆ ವೇಳೆಯಾಯಿತು ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಸಂಜೆಯ ಆಟಕ್ಕೆ ಟಾಕೀಸು ಅರ್ಧ ತುಂಬಿತ್ತು. ಹೆಂಗಸರು ಕೂರುವ ಕಡೆ ನಾವೂ ಕೂತೆವು. ಹೇಮಾ ತೆರೆಯ ಮೇಲೆ ಬಂದು, ನೂಲಿನ ವ್ಯಾಪಾರಿಯನ್ನು ಬೈದ ಮೊದಲ ಮಾತಿಗೇ ಸುತ್ತಲಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ನಕ್ಕರು ನಿಜ, ಆದರೆ ಅದು ತಮ್ಮವರು ಸಿಕ್ಕಾಗ ಬರುವ ನಗು. ನನ್ನ ಹಿಂದಿದ್ದ ಮುದುಕಿ, “ನಮ್ಮ ಓಣ್ಯಾಗಿನ ಹೆಣ್ಮಗಳು ಇದ್ದಂಗ ಐತಿ,” ಅಂದಳು. ಅಲ್ಲಿಂದ ಜನ ತೆರೆಯ ಜೊತೆಗೇ ಮಾತಾಡತೊಡಗಿದರು. ಅವಳು ಕೆಸರಿನಲ್ಲಿ ಬಿದ್ದಾಗ ಯಾರೋ, “ಗಂಟು ಹಿಡಕೋ ತಂಗಿ,” ಅಂದರು. ಅಂಬುಜಮ್ಮ ಚಿತ್ರವನ್ನು ನೋಡಲೇ ಇಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಜನರನ್ನು ಕೇಳುತ್ತ ಕೂತಿದ್ದರು.

ಆಟ ಮುಗಿದು ಹೊರಗೆ ಬಂದರೆ ಪೋಸ್ಟರಿನ ಹತ್ತಿರ ಅಪ್ಪ ನಿಂತಿದ್ದ. ಛಾಪಖಾನೆಯಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಮುಗಿಸಿ ನೇರ ಬಂದಿದ್ದನೆಂದು ಬೆರಳಿನ ಮಸಿಯೇ ಹೇಳುತ್ತಿತ್ತು. ಗಂಡಸರ ಕಡೆ ಹಿಂದೆ ಕೂತು ಪೂರ್ತಿ ನೋಡಿದ್ದ. ಅವನು ನನ್ನನ್ನು ದಾಟಿ ಅಂಬುಜಮ್ಮನವರ ಮುಂದೆ ನಿಂತ.

“ಅಲ್ರೀ ಅಮ್ಮಾರ, ನನ್ನ ಮಗಳ ಹೆಸರು ಅಷ್ಟು ಸಣ್ಣ ಅಕ್ಷರದಾಗ ಯಾಕ ಹಾಕೀರಿ? ಓದೂದ್ರಾಗ ಹೋಗೇಬಿಡ್ತು.”

ಮುಂದಿನ ಸಲ ದೊಡ್ಡದಾಗಿ ಬರೆಸುತ್ತೇನೆ ಅಂದರು ಅಂಬುಜಮ್ಮ.

“ನಿಮ್ಮದೂ ದೊಡ್ಡದ ಬರೆಸ್ರಿ,” ಅಂದ ಅಪ್ಪ. “ಅದೂ ಕಾಣಲಿಲ್ಲ.”

ಅವತ್ತು ನಮ್ಮ ಮನೆಯಲ್ಲೇ ಊಟ. ಅಪ್ಪನೇ ಅವರಿಗೆ ಎರಡನೇ ಸಲ ರೊಟ್ಟಿ ಬಡಿಸಿದ. ನನಗೆ ಹೇಳಿದ್ದು ಒಂದೇ ಮಾತು, ಮಲಗುವ ಮುಂಚೆ: ಆ ಹಾಸಿಗೆಯ ಪಕ್ಕದ ಮಾತು ಥೇಟ್ ನಿಮ್ಮವ್ವ ಗಂಜಿ ಕುಡಿಸುವಾಗ ಆಡುತ್ತಿದ್ದ ಹಾಗೆ.

ಚಿತ್ರ ಗದಗಿನಲ್ಲಿ ವಾರಗಟ್ಟಲೆ ನಡೆಯಿತು. ಅಲ್ಲಿಂದ ಹುಬ್ಬಳ್ಳಿಗೆ, ಬಿಜಾಪುರಕ್ಕೆ ಹೋಯಿತು. ಮೈಸೂರಿನ ಕಡೆ ಅಷ್ಟಕ್ಕಷ್ಟೇ. ಆದರೂ ಬೇಸಿಗೆಯ ಹೊತ್ತಿಗೆ ನಂಜುಂಡಪ್ಪನವರೇ ಆರ್.ಟಿ. ನಗರಕ್ಕೆ ಬಂದು, ಮುಂದಿನ ಚಿತ್ರ ಯಾವುದಮ್ಮಾ ಎಂದು ಕೇಳಿ ಕಾಫಿ ಕುಡಿದು ಹೋದರು. ಎಂಬತ್ತರ ದಶಕದಲ್ಲಿ ಅಂಬುಜಮ್ಮ ಇನ್ನೂ ಕೆಲವು ಚಿತ್ರಗಳನ್ನು ತೆಗೆದರು. ಕೆಲವು ಗೆದ್ದವು, ಒಂದು ಅವರ ಕಾರನ್ನೇ ನುಂಗಿತು. ತಾವೂ ಚಿತ್ರ ತೆಗೆಯಬೇಕೆಂದು ಬರುವ ಹೆಂಗಸರಿಗೆ ಆ ವರಾಂಡದಲ್ಲಿ ಯಾವಾಗಲೂ ಒಂದು ಕುರ್ಚಿ ಇರುತ್ತಿತ್ತು. ನಾನು ಮದುವೆಯಾದ ಮೇಲೂ, ಕಾರ್ಖಾನೆಯ ಕೆಲಸದ ಜೊತೆಗೇ, ಅವರು ಕರೆದಾಗಲೆಲ್ಲ ಹೋಗಿ ಮಾತಾಡಿ ಬಂದೆ.

ಗದಗಿನಿಂದ ಬಂದ ಮೇಲೆ ಅವರು ಮೊದಲು ತೆಗೆದ ಚಿತ್ರ ಬಣ್ಣದ್ದು. ಅದರ ಮೊದಲ ಪ್ರತಿಯನ್ನು ನೋಡಲು ನಾವು ಕೆಲವರೇ ಕೂತಿದ್ದೆವು. ‘ನಿರ್ಮಾಪಕಿ ಅಂಬುಜಮ್ಮ’ ಎಂಬ ಅಕ್ಷರಗಳು ತೆರೆಯ ಈ ಅಂಚಿನಿಂದ ಆ ಅಂಚಿನವರೆಗೆ ಬಂದು, ನಿಧಾನವಾಗಿ ನಿಂತು, ನಿಧಾನವಾಗಿ ಹೋದವು. ಯಾರೋ ಕೆಮ್ಮಿದರು, ಯಾರೋ ಇದು ಸ್ವಲ್ಪ ಜಾಸ್ತಿ ಆಯಿತೇನೋ ಅಂದರು.

“ಇರ್ಲಿ ಬಿಡ್ರಿ,” ಅಂದರು ಅಂಬುಜಮ್ಮ, ತೆರೆಯಿಂದ ಕಣ್ಣು ತೆಗೆಯದೆ. “ಗದಗಿನ ತನಕ ಕಾಣ್ಬೇಕು.”